ಬಿನೆಯ ಮಾಪಕ ಪ್ರವೇಶ ಪರೀಕ್ಷೆಯಾದ ಕಥೆ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬುದು ನಮ್ಮಲ್ಲಿ ಬಹಳ ಹಿಂದಿನಿಂದ ಬಂದ ಮಾತು. ಆದರೆ ಮೊಳಕೆಯನ್ನು ಕಂಡು ಬರಲಿರುವ ಸಿರಿಯನ್ನು ಅಂಕಿಗಳಲ್ಲಿ ಹೇಳಬಹುದೇ? ಹೇಳಬಹುದೆಂದು ಅಮೆರಿಕದ ನ್ಯೂಯಾರ್ಕ್ ನಗರ ನಂಬಿದ ಕಾಲವೊಂದಿತ್ತು.

ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ‘ಪ್ರತಿಭಾವಂತ’ ಮಕ್ಕಳಿಗೆಂದೇ ವಿಶೇಷ ತರಗತಿಗಳಿವೆ. 2008ರಲ್ಲಿ ಇವುಗಳ ಪ್ರವೇಶಕ್ಕೆ ಇಡೀ ನಗರಕ್ಕೆ ಒಂದೇ ಪರೀಕ್ಷೆ, ಒಂದೇ ಮಟ್ಟ ಎಂದಾಯಿತು. ನಾಲ್ಕು ವರ್ಷದ ಮಗು ಅಪರಿಚಿತರೊಬ್ಬರ ಎದುರು ಕುಳಿತು, ಕೇಳಿದ ಪ್ರಶ್ನೆಗೆ ಸರಿಯಾದ ಚಿತ್ರವನ್ನು ತೋರಿಸಬೇಕಿತ್ತು. ನೂರು ಸಮವಯಸ್ಕರಲ್ಲಿ 90 ಮಂದಿಯ ಮಟ್ಟ ದಾಟಿದರೆ ತನ್ನ ಪ್ರದೇಶದ ವಿಶೇಷ ತರಗತಿಗೆ ಅರ್ಹತೆ. 97 ಮಂದಿಯ ಮಟ್ಟ ದಾಟಿದರೆ ಇಡೀ ನಗರಕ್ಕೆ ತೆರೆದಿದ್ದ ಬೆರಳೆಣಿಕೆಯ ಶಾಲೆಗಳಿಗೆ ಅರ್ಹತೆ.

ಅರ್ಹತೆ ಸಿಕ್ಕಿತೆಂದರೆ ಸೀಟು ಸಿಕ್ಕಿತೆಂದಲ್ಲ. ಅರ್ಹರ ಸಂಖ್ಯೆ ಸೀಟುಗಳನ್ನು ಮೀರಿತ್ತು. ಅಣ್ಣನೋ ಅಕ್ಕನೋ ಅದೇ ಶಾಲೆಯಲ್ಲಿದ್ದರೆ ಆದ್ಯತೆ, ಉಳಿದವರಿಗೆ ಅದೃಷ್ಟ. ಹೀಗಾಗಿ ತಂದೆತಾಯಿಯರು 97ಕ್ಕೂ 99ಕ್ಕೂ ಇರುವ ಅಂತರವನ್ನು ಗುಣಿಸಿ ಭಾಗಿಸುತ್ತ ಕುಳಿತರು. ಅನುಕೂಲವಿದ್ದವರು ಮಗುವನ್ನು ಟ್ಯೂಷನ್‌ಗೆ ಕಳುಹಿಸಿದರು. ಸ್ಥಿತಿವಂತರ ಬಡಾವಣೆಗಳಿಂದ ಅರ್ಹರು ಹಿಂಡುಹಿಂಡಾಗಿ ಬಂದರೆ, ಕೆಲವು ಬಡ ಬಡಾವಣೆಗಳಲ್ಲಿ ಒಂದು ತರಗತಿ ತೆರೆಯುವಷ್ಟು ಮಕ್ಕಳೂ ಅರ್ಹರಾಗಲಿಲ್ಲ.

2013ರ ವಸಂತದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಅಂಕಗಳ ಲೆಕ್ಕದಲ್ಲಿ ತಪ್ಪುಗಳಾಗಿದ್ದವು. ಮಗುವಿನ ವಯಸ್ಸಿನಲ್ಲಿ ವರ್ಷ, ತಿಂಗಳುಗಳನ್ನು ಹಿಡಿದು ದಿನಗಳನ್ನು ಬಿಟ್ಟದ್ದು ಅವುಗಳಲ್ಲೊಂದು. ಲೆಕ್ಕ ಸರಿಪಡಿಸಿದಾಗ, ಅನರ್ಹರೆಂದು ತಿಳಿಸಲಾಗಿದ್ದ ಎರಡೂವರೆ ಸಾವಿರಕ್ಕೂ ಹೆಚ್ಚು ಮಕ್ಕಳು ಒಮ್ಮೆಲೇ ‘ಪ್ರತಿಭಾವಂತ’ರಾದರು!

ಈ ಬಗೆಯ ಪರೀಕ್ಷೆಗಳ ಮೂಲಪುರುಷ ಫ್ರಾನ್ಸಿನ ಮನೋವಿಜ್ಞಾನಿ ಆಲ್‌ಫ್ರೆಡ್ ಬಿನೆ. ಕಡ್ಡಾಯ ಶಿಕ್ಷಣ ಜಾರಿಗೆ ಬಂದಿದ್ದ ಆ ದೇಶದಲ್ಲಿ, ಸಾಮಾನ್ಯ ತರಗತಿಯ ಪಾಠ ಹಿಡಿಸದ ಮಕ್ಕಳಿಗೆ ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತ್ತು. ಇದಕ್ಕಾಗಿ 1904ರಲ್ಲಿ ಸರ್ಕಾರ ನೇಮಿಸಿದ ಆಯೋಗದಲ್ಲಿ ಬಿನೆ ಇದ್ದರು. 1905ರಲ್ಲಿ ಅವರು ಥಿಯೊಡೋರ್ ಸಿಮೋನ್ ಜೊತೆ ಸೇರಿ, ಸುಲಭದಿಂದ ಕಠಿಣಕ್ಕೆ ಸಾಗುವ ಮೂವತ್ತು ಪ್ರಶ್ನೆ-ಚಟುವಟಿಕೆಗಳ ಮಾಪಕವನ್ನು ಪ್ರಕಟಿಸಿದರು. ಅದರ ಉದ್ದೇಶ ಚುರುಕು ಮಕ್ಕಳನ್ನು ಆರಿಸುವುದಲ್ಲ. ಹೆಚ್ಚಿನ ನೆರವು ಬೇಕಾದವರನ್ನು ಗುರುತಿಸುವುದು. ಬುದ್ಧಿಶಕ್ತಿ ಹುಟ್ಟಿನಿಂದ ನಿಗದಿಯಾದ ಗಾತ್ರವೆಂಬ ವಾದವನ್ನು ಬಿನೆ ಒಪ್ಪುತ್ತಿರಲಿಲ್ಲ. ಅಭ್ಯಾಸದಿಂದ ಅದು ಬೆಳೆಯುತ್ತದೆಂದು 1909ರಲ್ಲಿ ಬರೆದರು, 1911ರಲ್ಲಿ ತೀರಿಕೊಂಡರು.

ಅನಂತರ ಮಾಪಕ ಕೈಬದಲಾಯಿತು. ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಉಪಾಯವನ್ನು 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಸೂಚಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಅದನ್ನು ನೂರರಿಂದ ಗುಣಿಸಿ, 1916ರಲ್ಲಿ ‘ಸ್ಟ್ಯಾನ್‌ಫರ್ಡ್-ಬಿನೆ’ ಪರೀಕ್ಷೆಯನ್ನು ಹೊರತಂದರು. ‘ಐ.ಕ್ಯೂ.’ ಮನೆಮಾತಾಯಿತು.

ಟರ್ಮನ್ ಬುದ್ಧಿಶಕ್ತಿ ಬಹುಪಾಲು ವಂಶದಿಂದ ಬರುತ್ತದೆಂದು ನಂಬಿದವರು. 1921ರಲ್ಲಿ ಅವರು ಕ್ಯಾಲಿಫೋರ್ನಿಯಾದ ಶಾಲೆಗಳನ್ನು ಜಾಲಾಡಿ, ಸುಮಾರು ಒಂದೂವರೆ ಸಾವಿರ ಪ್ರತಿಭಾವಂತ ಮಕ್ಕಳನ್ನು ಆರಿಸಿ ಅವರ ಬದುಕನ್ನು ಗಮನಿಸುವ ಅಧ್ಯಯನ ಆರಂಭಿಸಿದರು. ಆಯ್ಕೆಯಾದವರಲ್ಲಿ ಅನೇಕರು ಒಳ್ಳೆಯ ಹುದ್ದೆಗಳಿಗೇರಿದರು. ನೊಬೆಲ್ ಬಹುಮಾನ ಮಾತ್ರ ಯಾರಿಗೂ ಬರಲಿಲ್ಲ. ಕುತೂಹಲದ ಸಂಗತಿಯೆಂದರೆ, ಪರೀಕ್ಷೆಗೆ ಕುಳಿತು ಅಂಕ ಸಾಲದೆ ಹೊರಗುಳಿದ ಇಬ್ಬರು ಹುಡುಗರು ಮುಂದೆ ಭೌತವಿಜ್ಞಾನದ ನೊಬೆಲ್ ಪಡೆದರು: 1956ರಲ್ಲಿ ವಿಲಿಯಂ ಶಾಕ್ಲಿ, 1968ರಲ್ಲಿ ಲೂಯಿಸ್ ಅಲ್ವಾರೆಜ್. ಪರೀಕ್ಷೆಗೆ ಏನೂ ತಿಳಿಯದೆಂದು ಇದರ ಅರ್ಥವಲ್ಲ. ಗುಂಪಿನ ಬಗ್ಗೆ ಅದು ಹೇಳುವಷ್ಟನ್ನು ಒಂದೊಂದು ಮಗುವಿನ ಬಗ್ಗೆ ಹೇಳಲಾರದು, ಅಷ್ಟೆ.

ಬಿನೆಯ ಮಾಪಕ ನಮ್ಮ ನಾಡಿಗೂ ಬಂತು. ವಿ.ವಿ. ಕಾಮತ್ ಅವರು ಅದನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗುವಂತೆ ಧಾರವಾಡದಲ್ಲಿ ಪರಿಷ್ಕರಿಸಿ, 1934ರಲ್ಲಿ ಆ ಕೆಲಸವನ್ನು ಪ್ರಕಟಿಸಿದರು. ಪ್ಯಾರಿಸ್ಸಿನ ಮಗುವಿಗೆ ಸಹಜವಾದ ಪ್ರಶ್ನೆ ಧಾರವಾಡದ ಮಗುವಿಗೆ ಒಗಟಾಗಬಹುದು. ಭಾಷೆ ಬದಲಾದರೆ, ಮನೆಯ ಪರಿಸರ ಬದಲಾದರೆ ಅಂಕವೂ ಬದಲಾಗುತ್ತದೆ. ‘ಬಿನೆ-ಕಾಮತ್ ಪರೀಕ್ಷೆ’ ಎಂದೇ ಹೆಸರಾದ ಇದನ್ನು ಭಾರತದ ಚಿಕಿತ್ಸಾಲಯಗಳಲ್ಲಿ ದಶಕಗಳ ಕಾಲ, ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಗುರುತಿಸಿ ನೆರವು ಒದಗಿಸಲು ಬಳಸಲಾಯಿತು. ಬಿನೆ ಬಯಸಿದ್ದೂ ಅದನ್ನೇ.

ನ್ಯೂಯಾರ್ಕಿನಲ್ಲಿ ನಾಲ್ಕು ವರ್ಷದವರ ಪರೀಕ್ಷೆಗೆ 2021ರಲ್ಲಿ ತೆರೆ ಬಿತ್ತು. ಶಿಕ್ಷಕರ ಶಿಫಾರಸು ಮತ್ತು ಲಾಟರಿ ಅದರ ಸ್ಥಾನಕ್ಕೆ ಬಂದವು. ಸೀಟು ಕಡಿಮೆ, ಆಸೆ ಹೆಚ್ಚು ಎಂಬ ತೊಡಕು ಇದರಿಂದ ಬಗೆಹರಿಯಲಿಲ್ಲ. ಆದರೆ ಸೀಟು ಸಿಗದ ಮಗುವಿನ ತಂದೆತಾಯಿಗೆ ಚೀಟಿ ಎತ್ತಿದಾಗ ಬರಲಿಲ್ಲ ಎಂದು ಹೇಳಿಕೊಳ್ಳಬಹುದು. ನಿನ್ನಲ್ಲಿ ಪ್ರತಿಭೆಯಿಲ್ಲ ಎಂದು ನಾಲ್ಕು ವರ್ಷದ ಮಗುವಿಗೆ ಯಾರೂ ಹೇಳಬೇಕಾಗಿಲ್ಲ. ಮೊಳಕೆಯನ್ನು ನೋಡುವುದು ತಪ್ಪಲ್ಲ. ಬಿನೆ ನೋಡಿದ್ದು, ಯಾವ ಮೊಳಕೆಗೆ ಇನ್ನಷ್ಟು ನೀರು ಬೇಕೆಂದು ತಿಳಿಯುವುದಕ್ಕೆ.