ಲಾಟರಿ ಪತ್ರವಂಚನೆ ಮತ್ತು ಅದರ ಫಿರ್ಯಾದಿ

ಕೊಳ್ಳದ ಚೀಟಿಗೆ ಬಹುಮಾನ ಬಂದಿತೆಂದು ಪತ್ರಮುಖೇನ ನಂಬಿಸಿ, ಅದನ್ನು ಬಿಡಿಸಿಕೊಳ್ಳುವ ವೆಚ್ಚವೆಂಬ ನೆವದಿಂದ, ವಿಶೇಷತಃ ವಯೋವೃದ್ಧರ ದ್ರವ್ಯವನ್ನು ಅಪಹರಿಸುವ ಮೋಸಕ್ಕೆ ಈ ಹೆಸರು. ಸ್ಪೇನಿನ ಸೆರೆಮನೆಯಲ್ಲಿರುವ ಧನಿಕನೊಬ್ಬನ ಬಿಡುಗಡೆಗಾಗಿ ಅಲ್ಪ ಹಣವನ್ನು ಕಳುಹಿದರೆ ಅವನ ಗುಪ್ತನಿಧಿಯಲ್ಲಿ ಪಾಲು ದೊರೆಯುವುದೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಅಪರಿಚಿತರಿಗೆ ಹೋಗುತ್ತಿದ್ದ ಪತ್ರಗಳೇ ಇಂದಿನ ಬಹುಮಾನಪತ್ರಗಳ ಪೂರ್ವಜರು.

ಭಾರತದಲ್ಲಿ 1877ರಲ್ಲಿ ಹಣ ತೆತ್ತು ಬಿಡಿಸಿಕೊಳ್ಳುವ ವಿ.ಪಿ.ಪಿ. ಅಂಚೆಯೂ 1880ರಲ್ಲಿ ಅಂಚೆಯ ಮನಿಯಾರ್ಡರೂ ಬಂದ ಮೇಲೆ, ಮುಂಬಯಿಯ ಗಿರಣಿಯಲ್ಲಿ ದುಡಿಯುವ ಮಗನ ಹಣವನ್ನು ಹಳ್ಳಿಯ ತಾಯಿಗೆ ಮುಟ್ಟಿಸುವ ವ್ಯವಸ್ಥೆಯೇ, ಆ ತಾಯಿಯ ಹಣವನ್ನು ಕಾಣದ ಊರಿನ ವಂಚಕನಿಗೂ ಮುಟ್ಟಿಸಬಲ್ಲದಾಯಿತು. ಅನಧಿಕೃತ ಲಾಟರಿ ನಡೆಸುವುದೂ ಅದರ ಪ್ರಕಟಣೆ ಹೊರಡಿಸುವುದೂ 1870ರಲ್ಲಿ ದಂಡಸಂಹಿತೆಗೆ ಸೇರಿದ 294-ಎ ಕಲಮಿನಿಂದಲೇ ಅಪರಾಧವಾಗಿದ್ದುವು. ವಂಚನೆಗೆ 420ನೆಯ ಕಲಮು ಇದ್ದೇ ಇತ್ತು.

ಇಂದಿನ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಪ್ರದೇಶಗಳು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಸಂಸ್ಥಾನವಾಗಿದ್ದ ರಾಮದುರ್ಗವು 1948ರಲ್ಲಿ ಅದರಲ್ಲಿ ವಿಲೀನವಾಯಿತು. ಮುಂಬಯಿ ಸರ್ಕಾರವು ಅದೇ ವರ್ಷ ಲಾಟರಿ ಮತ್ತು ಬಹುಮಾನಸ್ಪರ್ಧೆಗಳ ಮೇಲೆ ನಿಯಂತ್ರಣದ ಕಾಯಿದೆ ತಂದಿತಾದರೂ, ಮೈಸೂರು ರಾಜ್ಯದ ಬೆಂಗಳೂರಿನಲ್ಲಿ ಮುದ್ರಿತವಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ವಾರಪತ್ರಿಕೆಯ ಪದಬಂಧ ಸ್ಪರ್ಧೆಯು ಗಡಿ ದಾಟಿ ಮುಂಬಯಿ ರಾಜ್ಯದ ಓದುಗರ ಪ್ರವೇಶಧನವನ್ನು ಸೆಳೆಯುತ್ತಲೇ ಇದ್ದಿತು. 1952ರಲ್ಲಿ ಕಾಯಿದೆಯನ್ನು ತಿದ್ದಿ ಹೊರರಾಜ್ಯದ ಪತ್ರಿಕೆಗಳನ್ನೂ ಅದರ ವ್ಯಾಪ್ತಿಗೆ ತಂದಾಗ ಪ್ರಕಾಶಕರು ನ್ಯಾಯಾಲಯಕ್ಕೆ ಹೋದರು. ಜೂಜಿನ ಸ್ವರೂಪದ ಸ್ಪರ್ಧೆಯು ಸಂವಿಧಾನವು ರಕ್ಷಿಸುವ ವ್ಯಾಪಾರವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಅವರ ಚಮಾರ್‌ಬಾಗ್‌ವಾಲಾ ಪ್ರಕರಣದಲ್ಲಿ 1957ರಲ್ಲಿ ತೀರ್ಪಿತ್ತಿತು. ಅಷ್ಟರಲ್ಲಿ ಈ ಸೀಮೆಯೇ ಮೈಸೂರು ರಾಜ್ಯವನ್ನು ಸೇರಿಯಾಗಿತ್ತು. ತಿಂಗಳಿಗೆ 1,000 ರೂಪಾಯಿ ಮೀರಿದ ಬಹುಮಾನದ ಸ್ಪರ್ಧೆಗಳನ್ನು ಕೇಂದ್ರದ 1955ರ ಕಾಯಿದೆ ತಡೆದಿತು. ಆದರೆ ಇವೆಲ್ಲ ಹೆಸರು ವಿಳಾಸವಿದ್ದ ಸಂಘಟಕನನ್ನು ಹಿಡಿಯಬಲ್ಲ ಶಾಸನಗಳು. ವಿಳಾಸವನ್ನೇ ಸುಳ್ಳಾಗಿ ಬರೆದವನನ್ನು ಹಿಡಿಯಲು ಮೋಸಹೋದವನ ಫಿರ್ಯಾದಿಯೇ ಬೇಕು.

ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಚೀಟಿಯ ಅಂಗಡಿ ಮುಚ್ಚಿತಾದರೂ ಲಕೋಟೆ ನಿಲ್ಲಲಿಲ್ಲ. ಪ್ರಸಿದ್ಧ ಆನ್‌ಲೈನ್ ಅಂಗಡಿಗಳ ಹೆಸರನ್ನು ಕದ್ದು, ಸ್ಪೀಡ್ ಪೋಸ್ಟಿನಲ್ಲಿ ಬರುವ ಆ ಲಕೋಟೆಯಲ್ಲಿ ಮೊಹರು ಒತ್ತಿದ ಬಣ್ಣದ ಪತ್ರ, ಬ್ಯಾಂಕ್ ಖಾತೆ ಮತ್ತು ಆಧಾರ್ ಸಂಖ್ಯೆ ಬರೆಯುವ ಫಾರಮು, ಒಂದು ಸ್ಕ್ರ್ಯಾಚ್ ಕಾರ್ಡು ಇರುತ್ತವೆ. ಉಗುರಿನಿಂದ ಕೆರೆದರೆ ಕಾರು ಕಾಣುತ್ತದೆ. ಪತ್ರದಲ್ಲಿನ ಸಂಖ್ಯೆಗೆ ಫೋನು ಮಾಡಿದರೆ ಮೊದಲು ನೋಂದಣಿಯ ಕೆಲವು ಸಾವಿರ, ಆಮೇಲೆ ಜಿ.ಎಸ್.ಟಿ., ಅನಂತರ ಸಾಗಣೆ. ವಸ್ತುರೂಪದ ಬಹುಮಾನವನ್ನು ಒಪ್ಪಿಸುವ ಮೊದಲು ಆದಾಯ ತೆರಿಗೆ ಸಂದಾಯವಾಗಬೇಕೆಂಬ ನಿಯಮ ನಿಜವಾಗಿಯೂ ಇರುವುದರಿಂದ, ಈ ಸುಳ್ಳಿಗೆ ಸತ್ಯದ ಲೇಪ ಬಂದಿದೆ. ತೆರಿಗೆ ಸೇರುವುದು ಸರ್ಕಾರದ ಖಜಾನೆಗೆ, ಯಾವನೋ ವ್ಯಕ್ತಿಯ ಖಾತೆಗಲ್ಲವೆಂಬುದನ್ನು ಮಾತ್ರ ಫೋನಿನಲ್ಲಿರುವವನು ಹೇಳನು.

ಲಾಟರಿಯಲ್ಲಿ ಭಾಗವಹಿಸಲು ವಿದೇಶಕ್ಕೆ ಹಣ ಕಳುಹುವುದು ನಿಷಿದ್ಧವೆಂದು ರಿಸರ್ವ್ ಬ್ಯಾಂಕು 2010ರಲ್ಲಿ ಬ್ಯಾಂಕುಗಳಿಗೆ ಪುನಃ ಎಚ್ಚರಿಕೆಯಿತ್ತಿತು. ಈಗ 1930 ಸಂಖ್ಯೆಯ ಸಹಾಯವಾಣಿ ಇರುವುದರಿಂದ, ಹಣ ಹೋದ ಕೆಲವೇ ಗಂಟೆಗಳಲ್ಲಿ ತಿಳಿಸಿದರೆ ಅದನ್ನು ದಾರಿಯಲ್ಲೇ ತಡೆಹಿಡಿಯುವ ಸಂಭವವುಂಟು. ಹಿರಿಯರಿಗೆಂದೇ 14567 ಸಂಖ್ಯೆಯ ಎಲ್ಡರ್‌ಲೈನ್ ಇದೆ. ಮಗನಿಗೆ ತಿಳಿದರೆ ಪಾಸ್‌ಬುಕ್ಕು ಕೈಬಿಟ್ಟುಹೋದೀತೆಂಬ ಭಯ, ಈ ವಯಸ್ಸಿನಲ್ಲಿ ಮೋಸಹೋದೆನೆಂಬ ನಾಚಿಕೆ, ಇವೆರಡೂ ಆ ಅಮೂಲ್ಯ ಗಂಟೆಗಳನ್ನು ನುಂಗುತ್ತವೆ. ಮನೆಯವರ ಗದರಿಕೆಯು ವಂಚಕನಿಗೆ ಸಹಾಯಕವಾಗುವುದು ಹೀಗೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಮೇರೆಗೆ, ಅಪರಾಧ ಎಲ್ಲಿಯೇ ನಡೆದಿರಲಿ, ಫಿರ್ಯಾದಿಯನ್ನು ಯಾವ ಠಾಣೆಯಾದರೂ ದಾಖಲಿಸಿಕೊಳ್ಳತಕ್ಕದ್ದು. ಬೆಳಗಾವಿ ಜಿಲ್ಲೆಯ ಮೂಡಣ ಅಂಚಿನ ರಾಮದುರ್ಗದ ಮುದುಕರು ಬೆಳಗಾವಿಯ ಬಸ್ಸು ಹಿಡಿಯಬೇಕಾಗಿಲ್ಲ. ತಮ್ಮೂರಿನ ಠಾಣೆಗೆ ಹೋಗುವಾಗ ಲಕೋಟೆಯನ್ನು ಹರಿಯದೆ, ಅಂಚೆಯ ಮುದ್ರೆಯೂ ಬಾರ್‌ಕೋಡೂ ಉಳಿದಂತೆ, ಹಣ ಕಟ್ಟಿದ ರಸೀದಿಯೊಡನೆ ಒಯ್ದರೆ ಸಾಕು.