ಕ್ಯಾಮ್ರಿ ಕಾರು: ಮ್ಯಾಟು, ಪೆಡಲು, ಕೋಡು ಮತ್ತು ಒಂದು ಜೇಡ

ಬಿಡದಿ ಕಡೆ ಹೋಗಿ ಬರುವವರಿಗೆ ಟೊಯೋಟಾ ಫ್ಯಾಕ್ಟರಿ ಗೊತ್ತಿರುತ್ತೆ. 2012ರಲ್ಲಿ ಕ್ಯಾಮ್ರಿ ಕಾರಿನ ಜೋಡಣೆಯೂ ಅಲ್ಲಿ ಶುರುವಾಯ್ತು. ನಮ್ಮಲ್ಲಿ ಅದು ದುಡ್ಡಿದ್ದವರ ಗಾಡಿ. ಅಮೆರಿಕದಲ್ಲಿ ಮಾತ್ರ ಅಪ್ಪ, ಅಮ್ಮ, ಮಕ್ಕಳು ಕೂತು ಹೋಗುವ ಮಾಮೂಲಿ ಸಂಸಾರದ ಕಾರು. "ಕೆಡೋದೇ ಇಲ್ಲ" ಅಂತ ಹೆಸರು ಬೇರೆ. ಅಂಥ ಕಾರನ್ನ ಕಂಪನಿ ಮತ್ತೆ ಮತ್ತೆ ವಾಪಸ್ ಕರೆಸಬೇಕಾಯ್ತು. ಕೋಡ್ ಬರೆದು ಹೊಟ್ಟೆ ಹೊರೆಯುವ ನನ್ನಂಥವರು ಈ ಇತಿಹಾಸ ಓದಲೇಬೇಕು ಅನ್ನಿಸಿ ಬರೀತಾ ಇದ್ದೀನಿ.

2009ರ ಆಗಸ್ಟಿನಲ್ಲಿ ಸ್ಯಾನ್ ಡಿಯಾಗೊ ಹತ್ತಿರ ಟೊಯೋಟಾದವರದ್ದೇ ಲೆಕ್ಸಸ್ ಕಾರೊಂದು ನಿಲ್ಲಿಸಲಾಗದೆ ಓಡಿ, ಒಳಗಿದ್ದ ನಾಲ್ವರೂ ಸತ್ತರು. ಕಾರಣ, ಬೇರೆ ಮಾಡೆಲಿನ ರಬ್ಬರ್ ಮ್ಯಾಟಿಗೆ ಸಿಕ್ಕಿಕೊಂಡ ಆಕ್ಸಿಲರೇಟರ್ ಪೆಡಲು! ಮುಂದಿನ ತಿಂಗಳು ಸುಮಾರು 38 ಲಕ್ಷ ಕಾರುಗಳ ರೀಕಾಲ್. 2007ರಿಂದ 2010ರ ಮಾಡೆಲಿನ ಕ್ಯಾಮ್ರಿಗಳೂ ಅದರಲ್ಲಿದ್ದವು. ರಿಪೇರಿ ಏನು ಗೊತ್ತಾ? ಪೆಡಲಿನ ತುದಿಯನ್ನೇ ಒಂಚೂರು ಕತ್ತರಿಸೋದು.

2010ರ ಜನವರಿಯಲ್ಲಿ ಇನ್ನೊಂದು. ಈ ಸಲ ಮ್ಯಾಟಿನದ್ದಲ್ಲ, ಪೆಡಲಿನದ್ದೇ ತಪ್ಪು. ಒಳಗಿನ ಭಾಗ ಸವೆದು, ಒತ್ತಿದ ಪೆಡಲು ಬೇಗ ಮೇಲೆ ಬರ್ತಿರಲಿಲ್ಲ. 23 ಲಕ್ಷ ಕಾರು ವಾಪಸ್, ಪೆಡಲಿನೊಳಗೆ ಒಂದು ಪುಟ್ಟ ಉಕ್ಕಿನ ತುಂಡು ಸೇರಿಸಿ ಸರಿ ಮಾಡಿದರು. ಫೆಬ್ರವರಿಯಲ್ಲಿ ಕಂಪನಿಯ ಅಧ್ಯಕ್ಷ ಅಕಿಯೊ ಟೊಯೋಡಾ ಅಮೆರಿಕದ ಕಾಂಗ್ರೆಸ್ ಎದುರು ಕೂತು ಕ್ಷಮೆ ಕೇಳಿದರು.

ಈಗ ನಮ್ಮ ವಿಷಯಕ್ಕೆ ಬರೋಣ. 2002ರ ಮಾಡೆಲಿನಿಂದ ಕ್ಯಾಮ್ರಿಯಲ್ಲಿ ಆಕ್ಸಿಲರೇಟರ್ ಕೇಬಲ್ ಹೋಗಿ ಸೆನ್ಸರು, ಕಂಪ್ಯೂಟರು, ಮೋಟರು ಬಂದಿದ್ದವು. ಹಾಗಾದ್ರೆ ತಪ್ಪು ಸಾಫ್ಟ್‌ವೇರಿನದ್ದೂ ಇರಬಹುದಾ? ಈ ಪ್ರಶ್ನೆ ನಾಸಾದ ಇಂಜಿನಿಯರುಗಳ ಹತ್ತಿರ ಹೋಯ್ತು. ಹತ್ತು ತಿಂಗಳು ಹುಡುಕಿದರು. ಕೋಡೇ 2.8 ಲಕ್ಷ ಸಾಲು. 2011ರ ಫೆಬ್ರವರಿಯಲ್ಲಿ ವರದಿ ಬಂತು: ಕಾರು ಹಾಗೆ ನುಗ್ಗುವಂಥ ಎಲೆಕ್ಟ್ರಾನಿಕ್ ದೋಷ ಸಿಗಲಿಲ್ಲ. ಎಷ್ಟೋ ಪ್ರಕರಣಗಳಲ್ಲಿ ಚಾಲಕರೇ ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ತುಳಿದಿದ್ದಾರೆ ಅಂತ ಸರ್ಕಾರದ ಸುರಕ್ಷತಾ ಸಂಸ್ಥೆ ಹೇಳಿತು. ಎಲೆಕ್ಟ್ರಾನಿಕ್ಸ್ ಕಾರಣವಲ್ಲ, ತೀರ್ಪು ಬಂದಾಯ್ತು ಅಂತ ಸಾರಿಗೆ ಸಚಿವರು ಸಾರಿಬಿಟ್ಟರು.

ಆದ್ರೆ ನಾಸಾ ಹೇಳಿದ್ದು ಅಷ್ಟು ಸಲೀಸಾದ ಮಾತಲ್ಲ. ಇಷ್ಟು ಜಟಿಲ ವ್ಯವಸ್ಥೆಯಲ್ಲಿ ದೋಷ ಸಾಧ್ಯವೇ ಇಲ್ಲ ಅಂತ ಸಾಬೀತು ಮಾಡೋಕೆ ಆಗಲ್ಲ ಅಂತಲೂ ವರದಿಯಲ್ಲಿತ್ತು. "ಬಗ್ ಸಿಗಲಿಲ್ಲ" ಮತ್ತು "ಬಗ್ ಇಲ್ಲ" ಇವೆರಡೂ ಒಂದೇ ಅಲ್ಲ ಅಂತ ಯಾವ ಟೆಸ್ಟರನ್ನ ಕೇಳಿದರೂ ಹೇಳ್ತಾರೆ.

2013ರ ಅಕ್ಟೋಬರಿನಲ್ಲಿ ಒಕ್ಲಹೋಮಾದ ಕೋರ್ಟಿನಲ್ಲಿ ಇದು ಬಯಲಿಗೆ ಬಂತು. 2007ರಲ್ಲಿ ಅಪಘಾತಕ್ಕೀಡಾದ ಕ್ಯಾಮ್ರಿಯ ಕೇಸು ಅದು. ಒಬ್ಬರು ಸತ್ತಿದ್ದರು, ಓಡಿಸುತ್ತಿದ್ದವರಿಗೆ ತೀವ್ರ ಗಾಯವಾಗಿತ್ತು. ಕಾರು 2005ರ ಮಾಡೆಲು, ಅಂದ್ರೆ ಮ್ಯಾಟಿನ ರೀಕಾಲಿಗೂ ಸೇರಿಲ್ಲ, ಪೆಡಲಿನದ್ದಕ್ಕೂ ಸೇರಿಲ್ಲ. ಕೋಡನ್ನು ಪರಿಶೀಲಿಸಿದ್ದ ಮೈಕೇಲ್ ಬಾರ್ ಅನ್ನೋ ತಜ್ಞ ಸಾಕ್ಷಿ ಹೇಳಿದರು: ಹತ್ತು ಸಾವಿರಕ್ಕೂ ಹೆಚ್ಚು ಗ್ಲೋಬಲ್ ವೇರಿಯಬಲ್‌ಗಳು, 41 ಶೇಕಡಾ ಮಾತ್ರ ಬಳಕೆ ಅಂತ ಕಂಪನಿ ಲೆಕ್ಕ ಹಾಕಿದ್ದ ಸ್ಟ್ಯಾಕ್ ಮೆಮೊರಿ ನಿಜಕ್ಕೂ 94 ಶೇಕಡಾ ತುಂಬಬಲ್ಲದು, ಒಂದೇ ಒಂದು ಬಿಟ್ ಕೆಟ್ಟರೂ ಥ್ರಾಟಲ್ ನೋಡಿಕೊಳ್ಳುವ ಟಾಸ್ಕ್ ಸದ್ದಿಲ್ಲದೆ ಸಾಯಬಹುದು. ಟೊಯೋಟಾ ಒಪ್ಪಲಿಲ್ಲ. ಜ್ಯೂರಿ ಮಾತ್ರ ಕಂಪನಿಯ ವಿರುದ್ಧ ತೀರ್ಪು ಕೊಟ್ಟು 30 ಲಕ್ಷ ಡಾಲರ್ ಪರಿಹಾರ ಹೇಳಿತು.

ಅದೇ ತಿಂಗಳು ಇನ್ನೊಂದು ರೀಕಾಲ್ ಬಂತು ನೋಡಿ. 2012-13ರ ಕ್ಯಾಮ್ರಿಯಲ್ಲಿ ಎ.ಸಿ.ಯ ನೀರು ಹೋಗುವ ಪೈಪಿನಲ್ಲಿ ಜೇಡ ಬಲೆ ಕಟ್ಟಿ, ನೀರು ಏರ್‌ಬ್ಯಾಗ್ ಕಂಟ್ರೋಲರ್ ಮೇಲೆ ತೊಟ್ಟಿಕ್ಕಿ, ಏರ್‌ಬ್ಯಾಗ್ ಸುಮ್ಮನೆ ಸಿಡಿಯಬಹುದಿತ್ತು! ಸಹೋದರ ಮಾಡೆಲುಗಳೂ ಸೇರಿ ಅಮೆರಿಕದಲ್ಲೇ ಸುಮಾರು 8 ಲಕ್ಷ ಕಾರುಗಳು ವಾಪಸ್ ಬಂದವು.

2014ರಲ್ಲಿ, ಮ್ಯಾಟು ಮತ್ತು ಪೆಡಲಿನ ವಿಷಯದಲ್ಲಿ ಗ್ರಾಹಕರ ದಾರಿ ತಪ್ಪಿಸಿದ್ದಕ್ಕೆ ಕಂಪನಿ 120 ಕೋಟಿ ಡಾಲರ್ ಕಟ್ಟಿತು. ಕೋಡಿನ ಮಾತು ಅದರಲ್ಲಿಲ್ಲ. ನನ್ನನ್ನು ಕಾಡೋದು ಇದೇ. ಮ್ಯಾಟು ಕಣ್ಣಿಗೆ ಕಾಣುತ್ತೆ, ಸವೆದ ಪೆಡಲನ್ನ ಮೇಜಿನ ಮೇಲಿಟ್ಟು ತೋರಿಸಬಹುದು, ಜೇಡ ಕೂಡ ಬಲೆ ಬಿಟ್ಟು ಹೋಗುತ್ತೆ. ಸತ್ತ ಟಾಸ್ಕ್ ಏನನ್ನೂ ಬಿಟ್ಟು ಹೋಗಲ್ಲ, ಕಾರು ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಮೊದಲಿನಂತೆ. ಅದಕ್ಕೇ ಮೆಮೊರಿಯಲ್ಲಿ ತಪ್ಪಾದರೂ ಕಾರು ನಿಲ್ಲುವಂತೆ ಮೊದಲೇ ಯೋಚಿಸಿರಬೇಕು. ಬ್ರೇಕ್ ಒತ್ತಿದರೆ ಆಕ್ಸಿಲರೇಟರನ್ನು ಕಡೆಗಣಿಸುವ ವ್ಯವಸ್ಥೆಯನ್ನ ಟೊಯೋಟಾ ಹಾಕತೊಡಗಿದ್ದು ಈ ಗಲಾಟೆಯ ನಂತರ.

ನಮ್ಮ ದೇಶದಲ್ಲಿ 2012ರಲ್ಲಿ ಕಂಪನಿಗಳೇ ಒಪ್ಪಿಕೊಂಡ ಸ್ವಯಂಪ್ರೇರಿತ ರೀಕಾಲ್ ಪದ್ಧತಿ ಬಂತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಿಂದ ಸರ್ಕಾರವೇ ರೀಕಾಲ್‌ಗೆ ಆದೇಶಿಸಬಹುದು, 2021ರ ಏಪ್ರಿಲ್‌ನಿಂದ ಅದರ ನಿಯಮಗಳು ಜಾರಿಗೆ ಬಂದವು. ನಿಮ್ಮ ಮನೆಯ ಕಾರು ಯಾವುದೇ ಇರಲಿ, ಅದರ ಚಾಸಿ ನಂಬರ್ ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಬಿಡಿ. ಐದು ನಿಮಿಷದ ಕೆಲಸ ಅಷ್ಟೇ.