ತೀವಿ ದ್ವೀಪಗಳ ಸಮಾಧಿ ಕಂಬಗಳು

ಆಸ್ಟ್ರೇಲಿಯದ ಡಾರ್ವಿನ್ ನಗರದ ಉತ್ತರಕ್ಕಿರುವ ಬಾಥರ್ಸ್ಟ್, ಮೆಲ್ವಿಲ್ ದ್ವೀಪಗಳು ತೀವಿ ಮೂಲನಿವಾಸಿಗಳ ನೆಲೆವೀಡು. 1911ರಲ್ಲಿ ಬಾಥರ್ಸ್ಟ್‌ನಲ್ಲಿ ಮಿಷನ್ ಸ್ಥಾಪಿಸಿದ ಗುರು ಫ್ರಾನ್ಸಿಸ್ ಗ್ಸೆಲ್, ವೃದ್ಧರಿಗೆ ವಾಗ್ದಾನವಾಗಿದ್ದ ಬಾಲೆಯರನ್ನು ವಸ್ತುಗಳನ್ನಿತ್ತು ಬಿಡಿಸಿಕೊಂಡದ್ದು ಪ್ರಸಿದ್ಧ. ಆ ಮಕ್ಕಳು ಬೆಳೆದದ್ದು ಮನೆಯವರಿಂದ ಬೇರೆಯಾಗಿ, ಮಿಷನ್ನಿನ ವಸತಿಗೃಹದಲ್ಲಿ ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಮೃತರಿಗಾಗಿ ತೀವಿಗಳು ನಡೆಸುವ ವಿಧಿ ಪುಕುಮನಿ. ಮರದ ಕಾಂಡಗಳನ್ನು ಕೆತ್ತಿ, ಕೆಮ್ಮಣ್ಣು, ಹಳದಿಮಣ್ಣು, ಬಿಳಿಜೇಡಿ, ಇದ್ದಿಲುಗಳಿಂದ ಬಣ್ಣವಿಟ್ಟು ಸಮಾಧಿಯ ಸುತ್ತ ನಿಲ್ಲಿಸುತ್ತಾರೆ. ಬಳಿಕ ಅವನ್ನು ಯಾರೂ ಕಾಯುವುದಿಲ್ಲ. ಮಳೆಬಿಸಿಲಿಗೆ ಜೀರ್ಣವಾಗಲು ಬಿಡುತ್ತಾರೆ. 1958ರಲ್ಲಿ ಸಿಡ್ನಿಯ ಕಲಾಸಂಗ್ರಹಾಲಯಕ್ಕಾಗಿ ಮೆಲ್ವಿಲ್‌ನ ಕಲಾವಿದರು ಇಂಥ 17 ಕಂಬಗಳನ್ನು ಕೆತ್ತಿದರು. ಅವಕ್ಕೆ ಜೀರ್ಣವಾಗುವ ಭಾಗ್ಯವಿಲ್ಲ!

ಹಳೆಯ ಮಿಷನ್ ಇದ್ದ ವುರ್ರುಮಿಯಂಗದ ಮರದ ದೇವಾಲಯಕ್ಕೆ ಹೋದ ಯಾತ್ರಿಕನು ಬಲಿಪೀಠದ ಬಳಿ ತೀವಿ ಚಿತ್ತಾರಗಳನ್ನೇ ಕಾಣುತ್ತಾನೆ.